ಕೌದಿಯ ಮೇಲೆ ಇಟ್ಟ ಲ್ಯಾಪ್‌ಟಾಪ್

ಹೊಸ ಸಾಫ್ಟ್‌ವೇರ್ ಹಾಕಿದ ಮರುದಿನವೇ ನಮ್ಮ ಲ್ಯಾಪ್‌ಟಾಪ್ ಮುಷ್ಕರ ಹೂಡಿತು. ಕೊಪ್ಪಳದ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ನಾನು ನೇತ್ರ ಸಹಾಯಕಿ. ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ಹಿಂಪರದೆಯಲ್ಲಿ ರಕ್ತದ ಚುಕ್ಕೆ ಮೂಡಿದೆಯೇ ಎಂದು ಊರೂರಿಗೆ ಹೋಗಿ ಫೋಟೊ ತೆಗೆದು ತರುವುದು ನನ್ನ ಕೆಲಸ. ನೋಡಿ ಹೇಳುವುದು ಡಾಕ್ಟರರ ಕೆಲಸ. ಕೈಯಲ್ಲಿ ಹಿಡಿಯುವ ಕ್ಯಾಮೆರಾದ ವೈರು ಲ್ಯಾಪ್‌ಟಾಪಿಗೆ ಹೋಗುತ್ತದೆ, ಚಿತ್ರ ಅಲ್ಲಿ ಮೂಡುತ್ತದೆ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಮೂಡುವುದಿರಲಿ, ಅರ್ಧ ಕಣ್ಣು ತೋರಿಸಿ ಗಪ್‌ಚಿಪ್ ನಿಂತುಬಿಡುತ್ತಿತ್ತು. ಎಂಟು ಜಿಬಿ ಮೆಮೊರಿ ಬೇಕು ಎಂದು ತೆರೆಯ ಮೇಲೆ ಸೂಚನೆ ಬರುತ್ತಿತ್ತು. ಇದ್ದದ್ದು ನಾಲ್ಕು.

ಮ್ಯಾನೇಜರ್ ಹತ್ತಿರ ಹೋದೆ. ಅವರು ಕನ್ನಡಕ ಮೇಲೆ ಸರಿಸಿ, "ಎರಡ್ ಸಾವಿರದ ಒಳಗ ಮುಗಸ್ರಿ. ಅದರ ಮ್ಯಾಲ ಟ್ರಸ್ಟಿನ್ಯಾಗ ಏನೂ ಇಲ್ಲ" ಎಂದರು. ಹೊಸ ಲ್ಯಾಪ್‌ಟಾಪ್ ಕೇಳಿದ್ದರೆ ನನ್ನನ್ನೇ ಹಳೆಯದೆಂದು ಮಾರುತ್ತಿದ್ದರೇನೋ.

ನಾನು ಸ್ವಭಾವತಃ ಅಂಜುಬುರುಕಿ. ಬಾಯಿ ಮಾತ್ರ ಜೋರು. ಹೆದರಿಕೆ ಹೆಚ್ಚಾದಷ್ಟೂ ಬಾಯಿ ಹೆಚ್ಚಾಗುತ್ತದೆ, ಅದು ನಮ್ಮ ಜೀಪಿನ ಡ್ರೈವರ್‌ಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಓದಿಕೊಂಡೆ. ಲ್ಯಾಪ್‌ಟಾಪಿನ ತಳದ ಮುಚ್ಚಳ ಬಿಚ್ಚಿದೆ. ಎರಡು ಗೂಡುಗಳಿದ್ದವು. ಒಂದರಲ್ಲಿ ನಾಲ್ಕು ಜಿಬಿಯ ಪಟ್ಟಿ, ಇನ್ನೊಂದು ಖಾಲಿ. ಪಟ್ಟಿ ಎಂದರೆ ಬೆರಳುದ್ದದ ಹಸಿರು ತಗಡಿನಂಥದ್ದು, ಒಂದು ಅಂಚಿಗೆ ಹಳದಿ ಹಲ್ಲುಗಳು. ಅದರ ಮೇಲಿನ ಬರಹವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡೆ. ಯಾವ ತಲೆಮಾರಿನದು, ವೇಗ ಎಷ್ಟು, ಎಷ್ಟು ಜಿಬಿ, ಲ್ಯಾಪ್‌ಟಾಪಿನದೋ ದೊಡ್ಡ ಕಂಪ್ಯೂಟರಿನದೋ ಎಂಬ ನಾಲ್ಕನ್ನೂ ಬಾಯಿಪಾಠ ಮಾಡಿದೆ.

ಗಂಗಾವತಿಯಲ್ಲಿ ಹಳೆಯ ಬಿಡಿಭಾಗ ಮಾರುವ ಒಂದು ಅಂಗಡಿ ಇದೆ. ಅಂಗಡಿಯವ ಸಭ್ಯ ಮನುಷ್ಯ. ನಾನು ಫೋಟೊ ತೋರಿಸಿದ ಕೂಡಲೇ ಡಬ್ಬಿಯಿಂದ ಒಂದು ಪಟ್ಟಿ ತೆಗೆದಿಟ್ಟ. ಅದೇ ತಲೆಮಾರು, ಅದೇ ವೇಗ, ನಾಲ್ಕು ಜಿಬಿ. ಅರ್ಧ ಭಾಗದ ಮೇಲೆ ಮಾತ್ರ ಅವನ ಅಂಗಡಿಯ ಗ್ಯಾರಂಟಿ ಸ್ಟಿಕರ್ ಅಂಟಿಸಿತ್ತು.

"ಸ್ಟಿಕರ್ ಕೆಳಗ ಏನ್ ಬರದೈತಿ?" ಎಂದೆ.

"ಅದs ಕಂಪನಿ ಸುದ್ದಿ ರಿ ಅಕ್ಕಾರ. ಸ್ಟಿಕರ್ ಕಿತ್ರ ಗ್ಯಾರಂಟಿ ಹೋತು ನೋಡ್ರಿ ಮತ್ತ."

ಗ್ಯಾರಂಟಿ ಹೋಗುತ್ತದೆ ಎಂದ ಮೇಲೆ ಕೀಳುವ ಧೈರ್ಯ ಯಾರಿಗೆ ಇದೆ? ಅಲ್ಲೇ ಹಾಕಿ ತೋರಿಸಿದ. ಲ್ಯಾಪ್‌ಟಾಪ್ ಎಂಟು ಜಿಬಿ ಎಂದು ಒಪ್ಪಿಕೊಂಡಿತು. ಕೊಪ್ಪಳಕ್ಕೆ ಬಂದು ಫ್ಯಾನಿನ ಕೆಳಗೆ ಆಸ್ಪತ್ರೆಯ ಆಯಾಳ ಕಣ್ಣಿನ ಫೋಟೊ ತೆಗೆದೆ. ಚಕಚಕ ಬಂತು, ಸ್ವಚ್ಛವಾಗಿ ಬಂತು. ಮ್ಯಾನೇಜರ್ ಬೆನ್ನು ತಟ್ಟಿದರು.

ಆ ಶುಕ್ರವಾರ ಕುಷ್ಟಗಿ ತಾಲ್ಲೂಕಿನ ಒಂದು ನೇಕಾರರ ಊರಿನಲ್ಲಿ ಶಿಬಿರ. ಬೇಸಿಗೆ. ಸಮುದಾಯ ಭವನದ ಒಂದು ಕೋಣೆಯ ಕಿಟಕಿಗಳಿಗೆ ಕರಿಬಟ್ಟೆ ಕಟ್ಟಿ ಕತ್ತಲು ಮಾಡಿಕೊಂಡೆವು, ಕಣ್ಣಿನ ಪಾಪೆ ಅಗಲವಾಗಲು ಕತ್ತಲು ಬೇಕು. ಒಳಗೆ ಗಾಳಿ ಇಲ್ಲ. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟಿದ್ದೆ. ಬೆಳಗಿನ ಪಾಳಿಯೆಲ್ಲ ಸಲೀಸಾಗಿ ಸಾಗಿತು.

ಊಟದ ಹೊತ್ತಿಗೆ ಒಬ್ಬ ಹೆಂಗಸು ಮಗ್ಗದಿಂದ ಎದ್ದು ನೇರ ಬಂದಳು. ಐವತ್ತರ ಆಸುಪಾಸು, ಸೆರಗಿನ ಮೇಲೆ ದಾರದ ತುಣುಕು. ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ ಅವಳದು. ಊರಿನಲ್ಲಿ ಆ ಕೈ ಇರುವವರು ಕಡಿಮೆ ಎಂದು ಸಾಲಿನಲ್ಲಿದ್ದ ಹೆಂಗಸರೇ ಹೇಳಿದರು. ಅವಳು ನನ್ನ ಮೇಜನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಅಲ್ರೀ ಬಾಯಾರ, ಇಷ್ಟ್ ಬೆಲೆಬಾಳು ವಸ್ತು ಬರೇ ಕಟಗಿ ಮ್ಯಾಲ ಇಟ್ಟೀರಲ್ರಿ. ಊರಿಗೆ ಬಂದದ್ದನ್ನ ಬರಿಮೈಲೆ ಕೂಡಸೂದೈತೇನು?"

ನಾನು ಏನಾದರೂ ಹೇಳುವ ಮೊದಲೇ ಮನೆಗೆ ಹೋಗಿ ಒಂದು ಕೌದಿ ತಂದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ. ನಾಲ್ಕು ಮಡಿಕೆ ಮಾಡಿ, ಕೈಯಿಂದ ಸವರಿ, ಅದರ ಮೇಲೆ ಲ್ಯಾಪ್‌ಟಾಪ್ ಕೂಡಿಸಿದಳು. ನಮ್ಮ ಕಡೆ ಬಂದ ಅತಿಥಿಯನ್ನು ಬರಿ ನೆಲಕ್ಕೆ ಕೂಡಿಸುವುದಿಲ್ಲ, ಈಕೆ ಮಷಿನ್‌ಗೂ ಅದೇ ಮರ್ಯಾದೆ ಮಾಡಿದ್ದಳು. ಬೇಡ ಎಂದಿದ್ದರೆ ಮುಖಕ್ಕೆ ಹೊಡೆದಂತೆ ಆಗುತ್ತಿತ್ತು. ಸುಳ್ಳೇಕೆ, ನನಗೂ ಖುಷಿಯಾಗಿತ್ತು.

ಸಾಲು ಸರಿದು ಅವಳ ಪಾಳಿ ಬರುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಬಲಗಣ್ಣಿನ ಫೋಟೊ ತೆಗೆದೆ. ತೆರೆಯ ಮೇಲೆ ಕಿತ್ತಳೆ ಬಣ್ಣದ ಪರದೆ, ಮಧ್ಯೆ ಅಡ್ಡಡ್ಡ ಕರಿಗೆಂಪು ಚುಕ್ಕೆಗಳು. ಊಟದ ನಂತರ ಬಂದವರಲ್ಲೂ ಇಂಥ ಚುಕ್ಕೆ ಕಂಡಿದ್ದವು, ಈ ಊರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂದುಕೊಂಡಿದ್ದೆ. ಎಡಗಣ್ಣು ತೆಗೆದೆ. ಅಲ್ಲೂ ಚುಕ್ಕೆ.

ರೋಗ ಹೇಳುವ ಅಧಿಕಾರ ನನಗಿಲ್ಲ. ಆದರೆ ಮುಖ ನನ್ನ ಮಾತು ಕೇಳಬೇಕಲ್ಲ. ಅವಳು ತೆರೆಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು.

"ಚುಕ್ಕಿ ಅದಾವಲ್ರಿ?"

"ಡಾಕ್ಟರ್ ನೋಡಿ ಹೇಳ್ತಾರ್ರಿ. ಕೊಪ್ಪಳಕ್ಕ ಒಮ್ಮಿ ಬರಬೇಕಾಗಬಹುದು."

"ನಮ್ಮವ್ವಗೂ ಹಿಂಗs ಆಗಿತ್ತು. ಆಕಿ ಮತ್ತ ಮಗ್ಗಕ್ಕ ಕೂಡಲಿಲ್ಲ." ಅಷ್ಟು ಹೇಳಿ ಎದ್ದು ಹೋದಳು. ಕೌದಿಯನ್ನು ಶಿಬಿರ ಮುಗಿದ ಮೇಲೆ ಯಾರೋ ಹುಡುಗಿ ಬಂದು ಒಯ್ದಳು.

ಶನಿವಾರ ಡಾಕ್ಟರು ಚಿತ್ರಗಳನ್ನು ನೋಡಲು ಕುಳಿತರು. ನಾನು ಪಕ್ಕದಲ್ಲಿ ನಿಂತಿದ್ದೆ. ಬೆಳಗಿನವು ಸರಾಗ ಸರಿದವು. ಮಧ್ಯಾಹ್ನದವು ಬಂದಾಗ ಅವರ ಬೆರಳು ನಿಂತಿತು. ಒಬ್ಬರಾದ ಮೇಲೆ ಒಬ್ಬರ ಕಣ್ಣಲ್ಲೂ ಚುಕ್ಕೆ. ಅವರು ಕುರ್ಚಿಗೆ ಒರಗಿ, "ಊಟದ ನಂತರ ಬಂದವರಿಗೆಲ್ಲಾ ಏನ್ರಿ ಇದು? ಮ್ಯಾಲಾಗಿ ನೋಡ್ರಿ, ಸಾಲು ಹಿಡದು ನಿಂತಾವ. ರಕ್ತ ಹಿಂಗ ಶಿಸ್ತಿಲೆ ನಿಲ್ಲೂದಿಲ್ಲ" ಎಂದರು.

ನಿಜ. ಎಲ್ಲರ ಚಿತ್ರದಲ್ಲೂ ಚುಕ್ಕೆಗಳು ಒಂದೇ ಅಡ್ಡಗೆರೆಯಲ್ಲಿ, ಬಟ್ಟೆಗೆ ಹಾಕಿದ ಹೊಲಿಗೆಯಂತೆ ಇದ್ದವು. ಒಬ್ಬರಲ್ಲಿ ಮೇಲೆ, ಒಬ್ಬರಲ್ಲಿ ಕೆಳಗೆ. ಅದು ಕಣ್ಣಿನದಲ್ಲ, ನಮ್ಮ ಮಷಿನ್ನಿನದು. ಮೊದಲು ಉಸಿರು ಬಿಟ್ಟೆ. ಮರುಕ್ಷಣ ಇನ್ನೊಂದು ಯೋಚನೆ ಬಂತು. ಮಷಿನ್ ಹಾಕಿದ ಈ ಹುಸಿ ಚುಕ್ಕೆಗಳ ನಡುವೆ ನಿಜವಾದದ್ದು ಒಂದು ಅಡಗಿ ಕುಳಿತಿದ್ದರೆ?

ಮ್ಯಾನೇಜರ್ ಸುಲಭದ ದಾರಿ ತೋರಿಸಿದರು. "ಎಲ್ಲಾರಿಗೂ ಫೋನ್ ಹಚ್ಚಿ ಹೇಳಿಬಿಡ್ರಿ, ಮಷಿನ್ ತಪ್ಪು, ನಿಮ್ಮ ಕಣ್ಣು ಛಲೋ ಅದಾವಂತ. ಮುಗೀತು."

"ಛಲೋ ಅದಾವು ಅಂತ ಯಾರ್ ನೋಡ್ಯಾರ್ರಿ ಸರ?" ಎಂದೆ. ದನಿ ನಾನು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು. "ಚುಕ್ಕಿ ಅದಾವು ಅನ್ನಾಕೂ ನಮ್ಮ ಹತ್ರ ಫೋಟೊ ಇಲ್ಲ, ಇಲ್ಲ ಅನ್ನಾಕೂ ಇಲ್ಲ."

ಡಾಕ್ಟರು ತಲೆಯಾಡಿಸಿದರು. ಎಲ್ಲರದನ್ನೂ ಮತ್ತೆ ತೆಗೆಯುವುದು ಎಂದಾಯಿತು. ಆ ಊರಿಗೆ ಮುಂದಿನ ವಾರ ಮತ್ತೊಂದು ಶಿಬಿರ. ಆದರೆ ಅಷ್ಟರೊಳಗೆ ಯಾರಾದರೂ ಹೆದರಿ ಏನಾದರೂ ಮಾಡಿಕೊಂಡರೆ ಎಂದು ನಾನು ಒಬ್ಬೊಬ್ಬರಿಗೆ ಫೋನ್ ಮಾಡತೊಡಗಿದೆ. ಫೋಟೊ ಸರಿ ಬಂದಿಲ್ಲ, ಮತ್ತೆ ತೆಗೆಯುತ್ತೇವೆ, ಅಲ್ಲಿಯ ತನಕ ಏನೂ ನಿಶ್ಚಯ ಇಲ್ಲ ಎಂದಷ್ಟೇ ಹೇಳಿದೆ. ನೇಕಾರ ಹೆಂಗಸಿನ ಫೋನನ್ನು ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಎತ್ತಿದಳು.

"ಅಕ್ಕ ಹುಲಿಗಿಗೆ ಹೋಗ್ಯಾಳ್ರಿ. ಫೋನ್ ಮನ್ಯಾಗs ಬಿಟ್ಟಾಳ. ಮಂಗಳವಾರ ಹುಲಿಗೆಮ್ಮಗ ಬೆಳ್ಳಿ ಕಣ್ಣ ಒಪ್ಪಸ್ತಾಳಂತ. ಅಲ್ಲೀತನಕ ಗುಡಿ ಬಿಟ್ಟ ಎಲ್ಲೂ ಬರಂಗಿಲ್ಲ ಅಂದಾಳ."

"ಮಗ್ಗ?"

"ಕಣ್ಣಿಲ್ದ ಕೆಲಸಾ ಹೆಂಗ ಮಾಡ್ತಾಳ್ರಿ? ನೂಲು ಕೊಡೋ ಮಾಲಕಗ ಹೇಳಿಬಿಟ್ಟಾಳ, ಬುಧವಾರ ಬಂದು ಹಾಸು ಬಿಚ್ಚಗೊಂಡ ಹೋಗ್ರಿ, ಬ್ಯಾರೆದವರಿಗೆ ಕೊಡ್ರಿ ಅಂತ."

ಹಾಸು ಎಂದರೆ ಮಗ್ಗಕ್ಕೆ ಏರಿಸಿದ ಎಳೆಗಳು. ಒಮ್ಮೆ ಬಿಚ್ಚಿ ಬೇರೆಯವರ ಮನೆಗೆ ಹೋದರೆ ಮರಳಿ ಬರುವುದಿಲ್ಲ. ಫೋನ್ ಇಟ್ಟು ದಿನ ಎಣಿಸಿದೆ. ಬುಧವಾರದ ಒಳಗೆ ಅವಳ ಕಣ್ಣನ್ನು ಮತ್ತೊಮ್ಮೆ ನೋಡಬೇಕಿತ್ತು, ನೋಡಲು ನಂಬುವಂಥ ಮಷಿನ್ ಬೇಕಿತ್ತು.

ಭಾನುವಾರ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತೆ. ಮೆಮೊರಿಯನ್ನೇ ಪರೀಕ್ಷೆ ಮಾಡುವ ಒಂದು ಚಿಕ್ಕ ಪ್ರೋಗ್ರಾಮ್ ಇರುತ್ತದೆ. ಪೆನ್‌ಡ್ರೈವಿನಿಂದ ಓಡಿಸಿದರೆ ಮೆಮೊರಿಯ ಒಂದೊಂದು ಮನೆಯಲ್ಲೂ ಅಂಕಿ ಬರೆದು ಮತ್ತೆ ಓದಿ ನೋಡುತ್ತದೆ. ಬರೆದದ್ದೊಂದು ಓದಿದ್ದೊಂದು ಆದರೆ ಕೆಂಪು ಗೆರೆ ಬರುತ್ತದೆ. ಫ್ಯಾನಿನ ಕೆಳಗೆ ಇಟ್ಟು ಓಡಿಸಿದೆ. ಒಂದು ಕೆಂಪು ಗೆರೆಯೂ ಇಲ್ಲ. ಆಗ ನನಗೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. ತಪ್ಪು ಸಿಗದಿದ್ದರೆ ಅದನ್ನು ತಿದ್ದುವುದು ಹೇಗೆ?

ಅಲ್ಲಿ ಮತ್ತು ಇಲ್ಲಿ ಏನು ವ್ಯತ್ಯಾಸ ಎಂದು ಯೋಚಿಸಿದೆ. ಬಿಸಿಲು ಬೆಳಿಗ್ಗೆಯೂ ಇತ್ತು. ಊಟದ ನಂತರ ಬಂದದ್ದು ಒಂದೇ, ಕೌದಿ. ಥಟ್ಟನೆ ಲ್ಯಾಪ್‌ಟಾಪನ್ನು ತಿರುವಿ ನೋಡಿದೆ. ಗಾಳಿಯಾಡುವ ಕಿಂಡಿಗಳೆಲ್ಲ ಅದರ ತಳದಲ್ಲಿವೆ. ನಮ್ಮ ಮನೆಯ ಕೌದಿ ತಂದು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಇಟ್ಟು ಮತ್ತೆ ಪರೀಕ್ಷೆ ಹಚ್ಚಿದೆ. ನಮ್ಮವ್ವ ಬಾಗಿಲಲ್ಲಿ ನಿಂತು, "ಅದಕ್ಕೇನ್ ಚಳಿ ಬಂದೈತೇನು?" ಎಂದಳು. ನಗಲು ನನಗೆ ಪುರುಸೊತ್ತಿರಲಿಲ್ಲ. ತಳ ಕಾವಲಿಯಾದ ಮೇಲೆ ಮೊದಲ ಕೆಂಪು ಗೆರೆ ಬಂತು. ಆಮೇಲೆ ಒಂದರ ಹಿಂದೆ ಒಂದು. ಹೊಸ ಪಟ್ಟಿ ತೆಗೆದು ಹಳೆಯದೊಂದನ್ನೇ ಬಿಟ್ಟು ಅದೇ ಕೌದಿಯ ಮೇಲೆ ಓಡಿಸಿದೆ. ಬಿಸಿ ಅಷ್ಟೇ, ಗೆರೆ ಇಲ್ಲ. ಹಳೆಯದು ತೆಗೆದು ಹೊಸದೊಂದನ್ನೇ ಹಾಕಿದೆ. ಮತ್ತೆ ಕೆಂಪು.

ಕೌದಿ ನೆಪ ಮಾತ್ರ. ರೋಗ ಪಟ್ಟಿಯಲ್ಲಿತ್ತು.

ಸೋಮವಾರ ಜೀಪು ಗಂಗಾವತಿಗೆ ಹೊರಟಿತು. ಹಿಂದಿನ ಸೀಟಿನಲ್ಲಿ ಕ್ಯಾಮೆರಾ, ಲ್ಯಾಪ್‌ಟಾಪ್, ನಮ್ಮ ಮನೆಯ ಕೌದಿ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಮೇಡಂ, ಅಂಗಡ್ಯಾಗ ಮಲಗೂ ವಿಚಾರ ಐತೇನ್ರಿ?" ಎಂದ. ಸುಮ್ಮನೆ ಗಾಡಿ ಹೊಡಿ ಎಂದೆ.

ಅಂಗಡಿಯವನ ಎದುರೇ ಗ್ಯಾರಂಟಿ ಸ್ಟಿಕರನ್ನು ಉಗುರಿನಿಂದ ಕಿತ್ತೆ. ಅವನು ಹಾಂ ಹಾಂ ಎನ್ನುವುದರೊಳಗೆ ಕಿತ್ತಾಗಿತ್ತು. ಕೆಳಗೆ ಅದು ಕುಡಿಯುವ ವಿದ್ಯುತ್ತಿನ ಮಟ್ಟ ಅಚ್ಚಾಗಿತ್ತು: ಒಂದೂವರೆ ವೋಲ್ಟ್. ಫೋನಿನಲ್ಲಿದ್ದ ಹಳೆಯ ಪಟ್ಟಿಯ ಫೋಟೊ ದೊಡ್ಡದು ಮಾಡಿದೆ. ಅಲ್ಲಿ ಅದಕ್ಕಿಂತ ಕಡಿಮೆ, ಒಂದು ಪಾಯಿಂಟ್ ಮೂರು ಐದು. ನಮ್ಮ ಲ್ಯಾಪ್‌ಟಾಪ್ ಕೊಡುವುದು ಆ ಕಡಿಮೆಯದನ್ನೇ. ಹೊಸದು ಅರೆಹೊಟ್ಟೆಯಲ್ಲಿ ದುಡಿಯುತ್ತಿತ್ತು. ತಂಪಿನಲ್ಲಿ ಹೇಗೋ ನಿಭಾಯಿಸಿ, ಕಾವು ಏರಿದಾಗ ಕೈಚೆಲ್ಲುತ್ತಿತ್ತು. ನಾಲ್ಕು ಸಂಗತಿ ಬಾಯಿಪಾಠ ಮಾಡಿದ್ದೆ, ಐದನೆಯದು ಸ್ಟಿಕರಿನ ಕೆಳಗೆ ಇತ್ತು.

ಅಂಗಡಿಯವ ಎರಡನ್ನೂ ನೋಡಿ ತಲೆ ಕೆರೆದುಕೊಂಡ. "ಚಾಲೂ ಆತಂದ್ರ ಕೂಡತೈತಿ ಅಂತs ನಾವು ತಿಳಿಯೂದ್ರಿ. ಇಲ್ಲೀತನಕ ಯಾರೂ ವಾಪಸ್ ಬಂದಿಲ್ಲ."

"ಅವರು ಸಿನಿಮಾ ನೋಡ್ತಾರ. ನಾವು ಕಣ್ಣ ನೋಡ್ತೀವಿ" ಎಂದೆ.

ಅವನು ಬೇಜಾರು ಮಾಡಿಕೊಳ್ಳದೆ ಡಬ್ಬಿಯನ್ನೆಲ್ಲ ಸುರಿದ. ಕಡಿಮೆ ವೋಲ್ಟಿನ ನಾಲ್ಕು ಜಿಬಿ ಒಂದಿತ್ತು, ಹೊಸದು, ನಮ್ಮ ಮಿತಿಗೆ ಎಟುಕದ್ದು. ಹಳೆಯದರಲ್ಲಿ ಸಿಕ್ಕಿದ್ದು ಎರಡು ಜಿಬಿಯದು. ನಾಲ್ಕು ಕೂಡಿಸಿ ಎರಡು, ಆರಾಗುತ್ತದೆ. ಸಾಫ್ಟ್‌ವೇರ್ ಕೇಳುವುದು ಎಂಟು. ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರು, "ದೊಡ್ಡದನ್ನ ಕೊಟ್ಟು ಸಣ್ಣದನ್ನ ತರ್ತೀರೇನ್ರಿ? ಇದ್ಯಾವ ಲೆಕ್ಕ?" ಎಂದು ಕೂಗಿದರು. ಆರರಲ್ಲಿ ಕ್ಯಾಮೆರಾ ನಡೆಯದಿದ್ದರೆ ಹುಲಿಗಿಗೆ ಹೋಗಿ ಏನು ಪ್ರಯೋಜನ? ಆದರೂ ಬೇಗ ತೋರಿಸುವ ಸುಳ್ಳಿಗಿಂತ ತಡವಾಗಿ ಬರುವ ನಿಜವೇ ಇರಲಿ ಎಂದು ಎರಡು ಜಿಬಿಯದನ್ನೇ ಹಾಕಿಸಿದೆ.

ಹಾಗೆಂದು ಅವನನ್ನು ನಂಬಲಿಲ್ಲ. ಗಲ್ಲಾ ಪಕ್ಕದಲ್ಲಿ ಕೌದಿ ಹಾಸಿ, ಮೇಲೆ ಲ್ಯಾಪ್‌ಟಾಪ್ ಇಟ್ಟು, ಫ್ಯಾನ್ ಆರಿಸಲು ಹೇಳಿ ಪರೀಕ್ಷೆ ಹಚ್ಚಿದೆ. ಬಂದ ಗಿರಾಕಿಗಳೆಲ್ಲ ನೋಡಿ ನಗುತ್ತಿದ್ದರು. ಅಂಗಡಿಯವನಿಗೂ ಬೆವರು, ನನಗೂ ಬೆವರು. ಅಷ್ಟು ಹೊತ್ತೂ ನಾನು ತೆರೆಯಿಂದ ಕಣ್ಣು ತೆಗೆಯಲಿಲ್ಲ, ರೆಪ್ಪೆ ಮುಚ್ಚಿದರೆ ಕೆಂಪು ಗೆರೆ ಬಂದುಬಿಡುತ್ತದೆ ಎಂಬಂಥ ಭಯ. ಬರಲಿಲ್ಲ. ಉಳಿದ ಪ್ರೋಗ್ರಾಮುಗಳನ್ನೆಲ್ಲ ಬಂದ್ ಮಾಡಿ ಕ್ಯಾಮೆರಾ ಹಚ್ಚಿದೆ. ಡ್ರೈವರನ ಕಣ್ಣು ನಿಧಾನವಾಗಿ, ಬಹಳ ನಿಧಾನವಾಗಿ ಮೂಡಿತು. ಪೂರ್ತಿ ಮೂಡಿತು, ಸ್ವಚ್ಛವಾಗಿತ್ತು.

ಹುಲಿಗಿ ಮುಟ್ಟಿದಾಗ ಬಿಸಿಲಿನ್ನೂ ಇತ್ತು. ಮಂಗಳವಾರದ ಜನ ಆಗಲೇ ಸೇರತೊಡಗಿತ್ತು. ಹೊಳೆಯ ದಂಡೆ, ಗುಡಿಯ ಪೌಳಿ ಎಲ್ಲ ಹುಡುಕಿ ಕೊನೆಗೆ ಯಾತ್ರಿಕರು ಇಳಿದುಕೊಳ್ಳುವ ಒಂದು ಕೋಣೆಯ ಮುಂದೆ ಅವಳು ಸಿಕ್ಕಳು. ಗೋಡೆಗೆ ಒರಗಿ ಕುಳಿತಿದ್ದಳು. ಕೈಯಲ್ಲಿ ಹರಕೆಯ ಬೆಳ್ಳಿ ಜೋಡಿ ಕಣ್ಣು. ನನ್ನನ್ನು ನೋಡಿದವಳೇ ಎದ್ದು ನಿಂತಳು.

"ಬಾಯಾರ, ಇಲ್ಲೀತನಕ ಬಂದೀರಂದ್ರ ಭಾಳ ಕೆಟ್ಟದ್ದs ಇರಬೇಕು."

ಅವಳ ಮುಖದಲ್ಲಿದ್ದ ಹೆದರಿಕೆ ನಾನು ಕೊಟ್ಟದ್ದು. ಮಷಿನ್‌ಗೆ ಹಾಕಿದ ಒಂದು ಸಾಮಾನು ಸರಿಯಿರಲಿಲ್ಲ, ಕಾವು ಏರಿದಾಗ ಅದೇ ಚುಕ್ಕೆ ಹಾಕುತ್ತಿತ್ತು, ನಿಮ್ಮ ಕಣ್ಣಲ್ಲಿ ಏನಿದೆ ಏನಿಲ್ಲ ಎಂದು ನಮಗಿನ್ನೂ ಗೊತ್ತಿಲ್ಲ, ಮತ್ತೊಮ್ಮೆ ನೋಡಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಕೌದಿಯ ಸುದ್ದಿ ಎತ್ತಲಿಲ್ಲ.

ಅವಳು ಬೆಳ್ಳಿ ಕಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನಿಮ್ಮ ಮಷಿನ್ನಿಗೆ ಸೆಕಿ ಆದ್ರ ನನ್ನ ಕಣ್ಣಾಗ ಚುಕ್ಕಿ ಬೀಳ್ತಾವೇನ್ರಿ? ಮೂರ್ ದಿನ ಆತು, ನಾ ತುತ್ತು ಬಾಯಿಗೆ ಇಟ್ಟಿಲ್ಲ."

ನಾನು ಕ್ಯಾಮೆರಾದ ಚೀಲ ಎತ್ತಿಕೊಂಡೆ. ಕೊನೆಗೆ ಅವಳೇ ಕೋಣೆಯ ಬಾಗಿಲು ತೆರೆದಳು. ಒಳಗೆ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಡಲು ಹೋದೆ. ಅಷ್ಟು ಸಿಟ್ಟಿನಲ್ಲೂ ಅವಳು ತನ್ನ ಗಂಟು ಬಿಚ್ಚಿ ಅದೇ ಕೌದಿ ಎಳೆದು ಮಡಿಕೆ ಮಾಡತೊಡಗಿದಳು.

"ಬ್ಯಾಡ್ರಿ!" ನಾನು ಚೀರಿದೆ. ಅವಳು ಬೆಚ್ಚಿ ನಿಂತಳು. ಕೌದಿಯನ್ನು ನೋಡಿದಳು, ಲ್ಯಾಪ್‌ಟಾಪ್ ನೋಡಿದಳು. ಜಾಣೆ, ಅರ್ಥವಾಯಿತು. ಅವಳು ಬಾಯಿ ತೆರೆಯುವ ಮೊದಲೇ, "ತಪ್ಪು ಕೌದೀದಲ್ರಿ. ಕಿಟಕಿಗೆ ಕಟ್ಟೂನು, ಕತ್ತಲ ಬೇಕು" ಎಂದೆ. ಇಬ್ಬರೂ ಕೂಡಿ ಕಿಟಕಿಗೆ ಕಟ್ಟಿದೆವು. ಕೋಣೆ ಕತ್ತಲಾಯಿತು.

ಈ ಸಲ ಪ್ರತಿ ಕಣ್ಣಿಗೂ ಎರಡು ಫೋಟೊ ತೆಗೆಯುವುದು ಎಂದು ನಿಶ್ಚಯಿಸಿದ್ದೆ. ಮಷಿನ್ನಿನ ಚುಕ್ಕೆಯಾದರೆ ಎರಡನೆಯದರಲ್ಲಿ ಜಾಗ ಬಿಡುತ್ತದೆ, ಕಣ್ಣಿನದಾದರೆ ಅಲ್ಲೇ ಇರುತ್ತದೆ. ಎಡಗಣ್ಣು ನಿಧಾನವಾಗಿ ಮೂಡಿತು. ಸ್ವಚ್ಛ. ಇನ್ನೊಮ್ಮೆ, ಸ್ವಚ್ಛ. ಬಲಗಣ್ಣು. ಮೊನ್ನೆಯ ಸಾಲು ಪೂರ್ತಿ ಮಾಯವಾಗಿತ್ತು. ನಗಬೇಕೆಂದು ಬಾಯಿ ತೆರೆದವಳು ಹಾಗೆಯೇ ಉಳಿದೆ. ಕೆಳಗೆ, ಒಂದು ಬದಿಗೆ, ಸಾಸಿವೆಯಷ್ಟು ಕರಿಗೆಂಪು ಚುಕ್ಕೆ ಇತ್ತು. ಮತ್ತೆ ತೆಗೆದೆ. ಅದು ಅಲ್ಲೇ ಇತ್ತು. ದೇವರೇ, ಜಾಗ ಬಿಡು ಎಂದು ಬೇಡಿಕೊಂಡು ಮೂರನೆಯದು ತೆಗೆದೆ. ಬಿಡಲಿಲ್ಲ. ಮ್ಯಾನೇಜರ್ ಹೇಳಿದಂತೆ ಫೋನು ಮಾಡಿ ನಿಮ್ಮ ಕಣ್ಣು ಛಲೋ ಅದಾವ ಎಂದುಬಿಟ್ಟಿದ್ದರೆ?

ಚಿತ್ರಗಳನ್ನು ಫೋನಿನಿಂದ ಡಾಕ್ಟರರಿಗೆ ಕಳಿಸಿದೆ. ಅವರು ಮರಳಿ ಕರೆ ಮಾಡುವ ತನಕ ನಾವಿಬ್ಬರೂ ಕತ್ತಲಲ್ಲೇ ಕಾದೆವು. ಕರೆ ಬಂತು. ಅವಳಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ಇದು ಖರೇ ಐತಿ. ಆದರ ಈಗಷ್ಟs ಸುರುವಾಗೈತಿ. ನೋಟಕ್ಕೇನೂ ಧಕ್ಕಿ ಇಲ್ಲ. ಸಕ್ಕರಿ ಹದ್ದಿನ್ಯಾಗ ಇಟಗೊಂಡು ಆರ್ ತಿಂಗಳಿಗೊಮ್ಮಿ ತೋರಸ್ಕೋತ ಇರಲಿ. ಕೆಲಸಾ ಬಿಡೂದೇನೂ ಬ್ಯಾಡ."

ಅವಳು ಎದ್ದು ಕಿಟಕಿಯ ಕೌದಿ ಬಿಚ್ಚಿದಳು. ಬೆಳಕು ಬಂತು. ನನ್ನ ಫೋನ್ ಇಸಿದುಕೊಂಡು ಮಾಲಕನಿಗೆ ಹಚ್ಚಿದಳು. "ಹಾಸು ಬಿಚ್ಚಬ್ಯಾಡ್ರಿ. ನಾಳೆ ಅಮ್ಮಗ ಕಣ್ಣ ಒಪ್ಪಿಸಿ, ಬುಧವಾರ ನಾನs ಕೂಡ್ತೀನಿ" ಎಂದಳು. ಆಮೇಲೆ ತೆರೆಯ ಮುಂದೆ ಬಗ್ಗಿ ಆ ಚುಕ್ಕೆಯನ್ನು ಬಹಳ ಹತ್ತಿರದಿಂದ ನೋಡಿದಳು, ತಾನೇ ಹಾಕಿದ ಕೊಂಡಿಯನ್ನು ಪರೀಕ್ಷಿಸುವವಳ ಹಾಗೆ.

"ಮೊನ್ನಿ ಒಂದ್ ಸಾಲs ಇದ್ವು, ಅಲ್ರಿ?"

"ಹೌದ್ರಿ."

"ಇದೊಂದು ನಂದು. ನಂದಂತ ಗೊತ್ತಾತಲ್ಲ, ಇದನ್ನ ನಾ ನೋಡ್ಕೋತೀನಿ." ಕೌದಿಯನ್ನು ಝಾಡಿಸಿ ಮಡಿಚುತ್ತ ನನ್ನ ಕಡೆ ತಿರುಗಿದಳು. "ಉಳದದ್ದೆಲ್ಲಾ ನಿಮ್ಮವು. ಅವನ್ನ ನೀವು ಒಯ್ರಿ."

ಒಯ್ದೆ. ಎರಡನೆಯ ಫೋಟೊ ತೆಗೆಯದೆ ಈಗ ಯಾರನ್ನೂ ಕುರ್ಚಿಯಿಂದ ಏಳಿಸುವುದಿಲ್ಲ.